‘ಅವರೇ ಕರೆದಿದ್ದರಲ್ಲಾ ಅಮ್ಮಾ?’: ಅಮೆರಿಕದ ಕಾಲೇಜು ಟಪಾಲು ಓದುವ ಬಗೆ

(ನ್ಯೂಜೆರ್ಸಿಯಲ್ಲಿ ನಮ್ಮ ವಾರಾಂತ್ಯದ ಕನ್ನಡ ಶಾಲೆಯ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪಕ್ಕದ ಕೋಣೆಯಲ್ಲಿ ಮಕ್ಕಳ ತರಗತಿ ನಡೆಯುತ್ತಿದೆ. ಅವರು ಹೊರಗೆ ಬರುವುದರೊಳಗೆ ಮುಗಿಸುತ್ತೇನೆ. ಈ ವಿಷಯವನ್ನು ಮೊದಲು ದೊಡ್ಡವರೇ ಕೂತು ಮಾತಾಡಬೇಕು ಅಂತ ನನಗೆ ಅನ್ನಿಸುತ್ತದೆ.

ಈ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ, ನೋಡಿ. ನನ್ನ ಮಗಳು ಹನ್ನೊಂದನೇ ತರಗತಿಯಲ್ಲಿದ್ದಾಗ ಬಂದ ಕಾಲೇಜು ಟಪಾಲು ಇದು. ಪೂರ್ತಿ ಅಲ್ಲ, ಉಳಿಸಿಕೊಂಡಿದ್ದು ಇಷ್ಟು. ನುಣುಪಾದ ದಪ್ಪ ಕಾಗದ. ಕೆಂಪು ಎಲೆಯ ಮರಗಳು. ಹುಲ್ಲಿನ ಮೇಲೆ ಕೂತು ನಗುವ ಹುಡುಗ ಹುಡುಗಿಯರು. ಪ್ರತಿಯೊಂದರ ಮೇಲೂ ಅವಳ ಹೆಸರು. ಇದನ್ನು ನಿಮಗೆ ತೋರಿಸಲು ಅವಳ ಒಪ್ಪಿಗೆ ಕೇಳಿಯೇ ತಂದಿದ್ದೇನೆ.

ಇದರಲ್ಲಿ ಒಂದು ಬಹಳ ದೊಡ್ಡ ಹೆಸರಿನ ಕಾಲೇಜಿನದು. ಹೆಸರು ಬೇಡ. ಮೊದಲು ಪುಸ್ತಕದಂಥ ಒಂದು ಕಟ್ಟು ಬಂತು. ಒಳಗೆ ಅಡ್ಮಿಶನ್ ಡೀನ್ ಸಹಿ ಮಾಡಿದ ಪತ್ರ. ನಿನ್ನಂಥ ವಿದ್ಯಾರ್ಥಿಯನ್ನೇ ಹುಡುಕುತ್ತಿದ್ದೇವೆ ಅನ್ನುವ ಧಾಟಿ. ಆಮೇಲೆ ವಾರಕ್ಕೊಂದು ಇಮೇಲ್. ನಡುವೆ ಒಂದು ಪೋಸ್ಟ್‌ಕಾರ್ಡ್. ಜನವರಿಯ ಗಡುವು ಹತ್ತಿರ ಬಂದಾಗ, ನಿನಗೆ ಇನ್ನೂ ಕೆಲವು ದಿನ ಕೊಟ್ಟಿದ್ದೇವೆ ಅಂತ ಇನ್ನೊಂದು. ಅವಳು ಆ ಕಾಲೇಜಿನ ಎಸ್ಸೇಗೆ ಚಳಿಗಾಲದ ರಜೆ ಪೂರ್ತಿ ಕೊಟ್ಟಳು. ನಾನು ದಾವಣಗೆರೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅವರು ಬೆಳಗಿನ ವಾಕಿಂಗ್ ಗೆಳೆಯರಿಗೆಲ್ಲ ಹೇಳಿದರು. ಮಾರ್ಚ್ ಕೊನೆಯ ಒಂದು ಸಂಜೆ ಲ್ಯಾಪ್‌ಟಾಪ್ ತೆರೆದು ನೋಡಿದರೆ, ಇಲ್ಲ. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಕೇಳಿದಳು: ‘ಅವರೇ ಕರೆದಿದ್ದರಲ್ಲಾ ಅಮ್ಮಾ?’

ಆ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಊರಲ್ಲಿ ಒಡವೆ ಅಂಗಡಿಗೆ ಹೋಗಿ ಒಂದು ಜೊತೆ ಓಲೆ ತೆಗೆದುಕೊಂಡರೆ, ಬಿಲ್ ಹಾಕುವಾಗ ಫೋನ್ ನಂಬರ್ ಕೇಳುತ್ತಾರೆ. ಅಕ್ಷಯ ತೃತೀಯ ಬಂದಾಗ ನಮ್ಮ ಹೆಸರು ಹಾಕಿಯೇ ಮೆಸೇಜ್ ಬರುತ್ತದೆ. ಅದನ್ನು ನೋಡಿ, ಆ ಅಂಗಡಿಯವರು ನಮ್ಮನ್ನು ನೆಂಟರು ಅಂದುಕೊಂಡಿದ್ದಾರೆ ಅಂತ ಯಾರೂ ತಿಳಿಯುವುದಿಲ್ಲ. ಕಾಲೇಜಿನ ಪತ್ರದ ವಿಷಯದಲ್ಲಿ ಮಾತ್ರ ನಾವು ಹಾಗೆ ತಿಳಿಯುತ್ತೇವೆ. ಯಾಕೆಂದರೆ ಬರೆದವರು ಕಾಲೇಜಿನವರು. ವಿದ್ಯೆ ಕೊಡುವವರ ಮಾತಿಗೆ ನಮ್ಮ ಮನೆಗಳಲ್ಲಿ ಒಂದು ತೂಕ ಇದೆ.

ಇಲ್ಲಿ ಆ ಫೋನ್ ನಂಬರಿನ ಕೆಲಸ ಮಾಡುವುದು ಪಿಎಸ್‌ಎಟಿ ಮತ್ತು ಎಸ್‌ಎಟಿ. ಎಸ್‌ಎಟಿ ಅಂದರೆ ಕಾಲೇಜು ಪ್ರವೇಶಕ್ಕೆ ನೋಡುವ ಪರೀಕ್ಷೆ, ಪಿಎಸ್‌ಎಟಿ ಅದಕ್ಕೆ ಮುಂಚಿನ ತಯಾರಿ ಪರೀಕ್ಷೆ. ಪಿಎಸ್‌ಎಟಿ ಅಕ್ಟೋಬರ್‌ನಲ್ಲಿ ಶಾಲೆಯಲ್ಲೇ ನಡೆಯುತ್ತದೆ. ಜೊತೆಗೆ ಒಂದಷ್ಟು ಪ್ರಶ್ನೆ ಇರುತ್ತವೆ: ಯಾವ ವಿಷಯ ಓದಬೇಕು ಅಂತಿದ್ದೀಯ, ನಿನ್ನ ಗ್ರೇಡ್ ಎಷ್ಟು, ಕಾಲೇಜುಗಳಿಂದ ಮಾಹಿತಿ ಬೇಕಾ. ಇವಕ್ಕೆ ಉತ್ತರಿಸಲೇಬೇಕು ಅಂತಿಲ್ಲ. ಆದರೆ ಮಕ್ಕಳು ಉತ್ತರಿಸುತ್ತಾರೆ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ‘ಸ್ಟೂಡೆಂಟ್ ಸರ್ಚ್ ಸರ್ವಿಸ್’ ಎಂಬ ಹೆಸರಲ್ಲಿ ಆ ಪಟ್ಟಿಯನ್ನು ಕಾಲೇಜುಗಳಿಗೆ ಹಣಕ್ಕೆ ಕೊಡುತ್ತದೆ. ಇಷ್ಟರಿಂದ ಇಷ್ಟು ಅಂಕ, ಇಂಥ ಪಿನ್‌ಕೋಡ್, ಇಂಥ ವಿಷಯ ಅಂತ ಕಾಲೇಜು ಕೇಳಿದರೆ ಹೆಸರುಗಳು ಹೋಗುತ್ತವೆ. 2019ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಇದರ ಬೆಲೆ ಬರೆದಿತ್ತು. ಒಂದು ಹೆಸರಿಗೆ 47 ಸೆಂಟ್. ನನ್ನ ಮಗಳ ಹೆಸರನ್ನು ಹುಡುಕಿಕೊಂಡು ಯಾವ ಡೀನೂ ಕೂತಿರಲಿಲ್ಲ. ಒಂದು ಅಂಕದ ಗೆರೆಯ ಮೇಲಿದ್ದ ಸಾವಿರಾರು ಹೆಸರುಗಳಲ್ಲಿ ಅವಳದೂ ಒಂದಾಗಿತ್ತು.

2024ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಈ ವಿಷಯ ಎತ್ತಿಕೊಂಡು, ಶಾಲೆಯಲ್ಲೇ ನಡೆಯುವ ಪರೀಕ್ಷೆಗಳಲ್ಲಿ ಮಕ್ಕಳ ವಿವರ ಹೀಗೆ ಬಳಸಿದ್ದಕ್ಕೆ ಕಾಲೇಜ್ ಬೋರ್ಡ್‌ನಿಂದ 7,50,000 ಡಾಲರ್ ಕಟ್ಟಿಸಿದರು. ಪಿಎಸ್‌ಎಟಿ ಡಿಜಿಟಲ್ ಆದಮೇಲೆ ಶಾಲೆಯಲ್ಲಿ ಬರೆಯುವ ಮಕ್ಕಳಿಗೆ ಬೇರೆ ಏರ್ಪಾಡು ಬಂದಿದೆ. ಮಗುವಿನ ಫೋನಿನ ಆ್ಯಪ್‌ಗೆ ಕಾಲೇಜಿನ ಸಂದೇಶ ಬರುತ್ತದೆ, ಮಗು ಒಪ್ಪುವ ತನಕ ಕಾಲೇಜಿಗೆ ಹೆಸರು ಗೊತ್ತಾಗುವುದಿಲ್ಲ. ಇದು ಒಳ್ಳೆಯದೇ. ಆದರೆ ಶನಿವಾರದ ಎಸ್‌ಎಟಿ ಇದೆ, ಅದರಂಥದ್ದೇ ಇನ್ನೊಂದು ಪರೀಕ್ಷೆ ಎಸಿಟಿ ಇದೆ, ಸ್ಕಾಲರ್‌ಶಿಪ್ ಹುಡುಕುವ ವೆಬ್‌ಸೈಟ್‌ಗಳಿವೆ, ಕಾಲೇಜು ಮೇಳಗಳಿವೆ. ಹೆಸರು ಹೋಗುವ ದಾರಿ ಇನ್ನೂ ಬೇಕಾದಷ್ಟು ಇದೆ.

ಹಾರ್ವರ್ಡ್ ವಿಷಯಕ್ಕೆ ಬರೋಣ. ಸೀಟು ಕೊಡುವಾಗ ಜನಾಂಗ ನೋಡುತ್ತಾರೆ, ಏಷ್ಯನ್ ಮಕ್ಕಳಿಗೆ ಅನ್ಯಾಯ ಆಗುತ್ತದೆ ಅಂತ ಅದರ ಮೇಲೆ ಹಾಕಿದ ಮೊಕದ್ದಮೆ 2018ರಲ್ಲಿ ಬಾಸ್ಟನ್ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂತಲ್ವಾ, ಕೊನೆಗೆ 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು. ಆ ವಿಚಾರಣೆಯಲ್ಲಿ, ಎಷ್ಟು ಅಂಕ ಇದ್ದರೆ ಪತ್ರ ಕಳಿಸುತ್ತಾರೆ ಅನ್ನುವ ಗೆರೆಗಳೂ ಹೊರಬಂದವು. ಏಷ್ಯನ್ ಮೂಲದ ಹುಡುಗರಿಗೆ ಪಿಎಸ್‌ಎಟಿಯಲ್ಲಿ 1380, ಹುಡುಗಿಯರಿಗೆ 1350. ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೆ 1100. ಇದನ್ನು ಕೇಳಿದ ತಕ್ಷಣ ನಮ್ಮಲ್ಲಿ ಕೆಲವರಿಗೆ ಬೇರೆ ಮಕ್ಕಳ ಮೇಲೆ ಸಿಟ್ಟು ಬರುತ್ತದೆ. ದಯವಿಟ್ಟು ಬೇಡ. 1100 ಬಂದ ಮಗುವಿಗೆ ಪತ್ರ ಬಂತು ನಿಜ, ಆದರೆ ಆ ಅಂಕಕ್ಕೆ ಅಲ್ಲಿ ಸೀಟು ಸಿಗುವುದು ತೀರಾ ಅಪರೂಪ. ಮೂವರು ಅರ್ಥಶಾಸ್ತ್ರಜ್ಞರು ಆ ಮೊಕದ್ದಮೆಯಲ್ಲಿ ಹೊರಬಂದ ಅಂಕಿಅಂಶ ಹಿಡಿದು ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಕರೆದು ತಿರಸ್ಕರಿಸುವುದಾ ಎಂಬ ಅರ್ಥದ ತಲೆಬರಹ ಅದಕ್ಕೆ. ಆ ಮಕ್ಕಳ ಮನೆಯಲ್ಲೂ ಯಾರೋ ಒಬ್ಬರು ‘ಅವರೇ ಕರೆದಿದ್ದರಲ್ಲಾ’ ಅಂದಿರುತ್ತಾರೆ.

ಲೆಕ್ಕ ನೋಡಿ. 2024ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿ 54,008. ಸೀಟು ಕೊಟ್ಟಿದ್ದು 1,937 ಮಂದಿಗೆ. ಪತ್ರ ಹೋಗುವುದು ಲಕ್ಷದ ಲೆಕ್ಕದಲ್ಲಿ.

ಇಷ್ಟೊಂದು ಅರ್ಜಿ ಬರುವ ಕಾಲೇಜಿಗೆ ಇನ್ನೂ ಯಾಕೆ ಬೇಕು ಅಂತ ನನಗೂ ಅರ್ಥ ಆಗಿರಲಿಲ್ಲ. ರ‍್ಯಾಂಕಿಂಗ್‌ಗೋಸ್ಕರ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎಷ್ಟು ಮಂದಿಯನ್ನು ತಿರಸ್ಕರಿಸಿದರು ಅನ್ನುವುದನ್ನು, ಕಾಲೇಜುಗಳ ರ‍್ಯಾಂಕಿಂಗ್ ಪ್ರಕಟಿಸುವ ಯುಎಸ್ ನ್ಯೂಸ್ ತನ್ನ ಲೆಕ್ಕದಿಂದ 2018ರಲ್ಲೇ ಕೈಬಿಟ್ಟಿದೆ. ಹಾಗಿದ್ದರೂ ನೂರಕ್ಕೆ ನಾಲ್ಕು, ನೂರಕ್ಕೆ ಐದು ಅನ್ನುವ ಸಂಖ್ಯೆಗೆ ಒಂದು ಆಕರ್ಷಣೆ ಇದೆ, ನಾವೇ ಅದಕ್ಕೆ ಮರುಳಾಗುತ್ತೇವೆ. ಯುನಿವರ್ಸಿಟಿ ಆಫ್ ಶಿಕಾಗೊ 2005ರ ಸುಮಾರಿಗೆ ಅರ್ಜಿ ಹಾಕಿದ ನೂರರಲ್ಲಿ 40 ಮಂದಿಗೆ ಸೀಟು ಕೊಡುತ್ತಿತ್ತು. ಈಗ ಐದರ ಆಸುಪಾಸು. ಅಲ್ಲಿ ಪಾಠ ಹೇಳುವ ಮಟ್ಟ ಆಗಲೂ ಬಹಳ ಎತ್ತರದ್ದೇ. ಜಾಸ್ತಿ ಆಗಿದ್ದು ಅರ್ಜಿಗಳು. ಅಂಥವರ ಟಪಾಲು ಒಂದು ಥರ. ಇನ್ನೊಂದು ಥರದ ಕಾಲೇಜುಗಳಿಗೆ ನಿಜವಾಗಿಯೂ ಮಕ್ಕಳು ಬೇಕು. 2007ರ ನಂತರ ಈ ದೇಶದಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಇಳಿದಿದೆ. ಆ ಮಕ್ಕಳು ಈಗ ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ಸಣ್ಣ ಖಾಸಗಿ ಕಾಲೇಜುಗಳಿಗೆ ತರಗತಿ ತುಂಬಿಸುವುದೇ ಕಷ್ಟ. ಅವರು ಬರೆದ ಪತ್ರದಲ್ಲಿ ‘ಬಾ’ ಅಂದರೆ ಅದಕ್ಕೆ ಹೆಚ್ಚು ಅರ್ಥ ಇದೆ. ನಮ್ಮ ಮನೆಗಳಲ್ಲಿ ಆ ಪತ್ರಗಳೇ ಮೊದಲು ಕಸಕ್ಕೆ ಹೋಗುತ್ತವೆ.

ಹಾಗಾದರೆ ಯಾವುದಕ್ಕೆ ಬೆಲೆ ಕೊಡಬೇಕು? ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪತ್ರದಲ್ಲಿ ಹೊಗಳಿಕೆ ಎಲ್ಲ ಬಿಟ್ಟು, ಕಾಲೇಜು ತಾನು ಏನಾದರೂ ಕೊಡುತ್ತೇನೆ ಅಂತ ಒಪ್ಪಿಕೊಂಡಿದೆಯಾ ಅಂತ ಹುಡುಕುತ್ತೇನೆ. ಅರ್ಜಿ ಶುಲ್ಕ ಮಾಫಿ ಅಂದರೆ 75, 80 ಡಾಲರ್ ಉಳಿಯಿತು, ಅಷ್ಟೇ. ‘ಪ್ರಯಾರಿಟಿ ಅಪ್ಲಿಕೇಶನ್’, ‘ನಿನ್ನ ಅರ್ಜಿ ಆಗಲೇ ಶುರುವಾಗಿದೆ’, ‘ಎಸ್ಸೇ ಬೇಕಿಲ್ಲ’ ಅಂದರೂ ಸೀಟಿನ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ಅರ್ಜಿ ಹಾಕುವುದನ್ನು ಸುಲಭ ಮಾಡಿದ್ದಾರೆ ಅಷ್ಟೇ.

ಆದರೆ ಪತ್ರದಲ್ಲಿ ಇಂಥ ಗ್ರೇಡ್, ಇಂಥ ಅಂಕ ಇದ್ದರೆ ವರ್ಷಕ್ಕೆ ಇಷ್ಟು ಡಾಲರ್ ಕೊಡುತ್ತೇವೆ ಅಂತ ಬರೆದಿದ್ದರೆ ಎತ್ತಿಡಿ. ಹನ್ನೊಂದನೇ ತರಗತಿಯ ಪಿಎಸ್‌ಎಟಿ ಅಂಕದ ಮೇಲೆ ನ್ಯಾಷನಲ್ ಮೆರಿಟ್ ಅಂತ ಒಂದು ಸ್ಕಾಲರ್‌ಶಿಪ್ ಸ್ಪರ್ಧೆ ಇದೆ. ದೇಶದಲ್ಲಿ ಸುಮಾರು 16,000 ಮಕ್ಕಳು ಸೆಮಿಫೈನಲಿಸ್ಟ್ ಆಗುತ್ತಾರೆ, ಹನ್ನೆರಡನೇ ತರಗತಿಯ ಸೆಪ್ಟೆಂಬರ್‌ನಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಫೈನಲಿಸ್ಟ್ ಆದವರಿಗೆ ಅಲಬಾಮಾ ವಿಶ್ವವಿದ್ಯಾಲಯ, ಟೆಕ್ಸಸ್‌ನ ಯುಟಿ ಡಲ್ಲಾಸ್ ಇಂಥ ಕಡೆ ಶುಲ್ಕವೆಲ್ಲ ಮಾಫಿ ಆಗುವಂಥ ಸ್ಕಾಲರ್‌ಶಿಪ್ ಕೊಡುತ್ತಾ ಬಂದಿದ್ದಾರೆ. ಆಗ ಬರುವ ಪತ್ರ ಬರೀ ಕರಪತ್ರ ಅಲ್ಲ. ‘ಡೈರೆಕ್ಟ್ ಅಡ್ಮಿಶನ್’ ಅಂತ ಇನ್ನೊಂದು ಇದೆ. 2015ರಲ್ಲಿ ಐಡಹೊ ರಾಜ್ಯ ಶುರು ಮಾಡಿತು. ಅರ್ಜಿ ಹಾಕುವ ಮೊದಲೇ, ನಿನಗೆ ಸೀಟು ಇದೆ ಅಂತ ಹೇಳಿಬಿಡುತ್ತಾರೆ. ಈಗ ಕಾಮನ್ ಆ್ಯಪ್, ಅಂದರೆ ಅನೇಕ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟ್, ಅದರ ಮೂಲಕವೂ ಅನೇಕ ಕಾಲೇಜುಗಳು ಹೀಗೆ ಮಾಡುತ್ತವೆ. ಅದು ಬಂದರೆ ಸುಳ್ಳಲ್ಲ. ಇನ್ನು ಹಾರ್ವರ್ಡ್, ಯೇಲ್ ಥರದ ಐವಿ ಲೀಗ್ ಕಾಲೇಜುಗಳು ಕೆಲವರಿಗೆ ‘ಲೈಕ್ಲಿ ಲೆಟರ್’ ಕಳಿಸುತ್ತವೆ. ಅದು ಅರ್ಜಿ ಹಾಕಿದ ಮೇಲೆ, ಫಲಿತಾಂಶಕ್ಕೆ ಮುಂಚೆ ಬರುವುದು. ಕ್ರೀಡಾಪಟುಗಳಿಗೆ ಜಾಸ್ತಿ, ಬೇರೆಯವರಿಗೆ ಕಡಿಮೆ. ಅದು ಬಂದರೆ ಸೀಟು ಸಿಕ್ಕ ಹಾಗೇ. ಹನ್ನೊಂದನೇ ತರಗತಿಯಲ್ಲಿ ಬಂದ ಹೊಳಪಿನ ಪುಸ್ತಕವನ್ನು ಇದರ ಜೊತೆ ಕಲೆಸಬೇಡಿ.

ಈಗ ಸೀಟು ಸಿಗುವ ಸಾಧ್ಯತೆ ಅಳೆಯುವ ವಿಷಯ. ನಾವು ಸಿಇಟಿ ಬರೆದು ಬಂದವರು. ರ‍್ಯಾಂಕ್ ಬಂತು, ಹೋದ ವರ್ಷದ ಕಟ್‌ಆಫ್ ನೋಡಿದೆವು, ಇಂಥ ಕಾಲೇಜಲ್ಲಿ ಇಂಥ ಬ್ರಾಂಚ್ ಸಿಗುತ್ತೆ ಅಂತ ಬೆರಳಿಟ್ಟು ತೋರಿಸಬಹುದಿತ್ತು. ಆ ಕಣ್ಣಿನಿಂದಲೇ ಇಲ್ಲಿಯದನ್ನೂ ನೋಡುತ್ತೇವೆ. ಎಸ್‌ಎಟಿ ಅಂಕ ಸಾಮಾನ್ಯವಾಗಿ 1500ರಿಂದ 1580 ಅಂತ ಹಾಕಿರುತ್ತಾರೆ, ನಮ್ಮ ಮಗನಿಗೆ 1550 ಇದೆ, ಹಾಗಾದರೆ ಸೀಟು ಅರ್ಧ ಕೈಗೆ ಬಂದ ಹಾಗೆ ಅಂದುಕೊಳ್ಳುತ್ತೇವೆ. ಆ ಸಂಖ್ಯೆ ಸೇರಿದವರದ್ದು, ಅರ್ಜಿ ಹಾಕಿದವರದ್ದಲ್ಲ. 1550 ಇದ್ದು ಸೀಟು ಸಿಗದವರು ಅದರಲ್ಲಿ ಕಾಣುವುದೇ ಇಲ್ಲ. ಅಂಕ ಕೊಡುವುದು ಕಡ್ಡಾಯ ಅಲ್ಲದ ಕಾಲೇಜಾದರೆ, ಕಡಿಮೆ ಬಂದವರು ಅಂಕ ಕೊಟ್ಟೇ ಇರುವುದಿಲ್ಲ. ಅದರಿಂದ ಸಂಖ್ಯೆ ಇನ್ನೂ ಮೇಲೆ ಹೋಗುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯದ ವಿಶ್ವವಿದ್ಯಾಲಯಗಳಾದ ಯುಸಿಗಳಂತೂ ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ. ಎಂಐಟಿ 2022ರಲ್ಲೇ ಅಂಕ ಕಡ್ಡಾಯ ಮಾಡಿತು. ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಮಾಡಿದವು. ಹೀಗೆ ನಿಯಮ ಬದಲಾಗುತ್ತಲೇ ಇರುತ್ತದೆ. ಅಕ್ಕನ ಕಾಲದ ಲೆಕ್ಕವನ್ನು ತಮ್ಮನಿಗೆ ಹಾಕಬೇಡಿ.

ಮತ್ತೆ, ಇರುವ ಸೀಟುಗಳೆಲ್ಲ ಎಲ್ಲರಿಗೂ ತೆರೆದಿರುವುದಿಲ್ಲ. ಅದೇ ಹಾರ್ವರ್ಡ್ ಮೊಕದ್ದಮೆಯ ಅಂಕಿಅಂಶದಲ್ಲಿ, ಸೀಟು ಸಿಕ್ಕ ಬಿಳಿಯ ವಿದ್ಯಾರ್ಥಿಗಳ ಪೈಕಿ ನೂರಕ್ಕೆ 43ಕ್ಕೂ ಹೆಚ್ಚು ಮಂದಿ ಕಾಲೇಜಿನ ಕೋಚ್‌ಗಳೇ ಆಯ್ದು ಕರೆದ ಕ್ರೀಡಾಪಟುಗಳು, ಅಲ್ಲೇ ಓದಿದವರ ಮಕ್ಕಳು, ಅಲ್ಲಿನ ಅಧ್ಯಾಪಕರು ಸಿಬ್ಬಂದಿಯ ಮಕ್ಕಳು ಅಥವಾ ಡೀನ್ ಪಟ್ಟಿಯಲ್ಲಿದ್ದವರು. ಡೀನ್ ಪಟ್ಟಿ ಅಂದರೆ ಹೆಚ್ಚಾಗಿ ದಾನಿಗಳ ಕಡೆಯವರು. ಒಟ್ಟು ಶೇಕಡಾ ಇಷ್ಟು ಅಂತ ಹೇಳುವ ಸಂಖ್ಯೆಯಲ್ಲಿ ಇವರೆಲ್ಲ ಸೇರಿದ್ದಾರೆ. ನಮ್ಮ ನ್ಯೂಜೆರ್ಸಿಯ ಎಡಿಸನ್‌ನ ಸರ್ಕಾರಿ ಹೈಸ್ಕೂಲಿನಿಂದ, ಯಾವ ಆಟದ ಕೋಚೂ ಕರೆಯದ, ಅಪ್ಪ ಅಮ್ಮ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದಿದ ಮಗುವಿಗೆ ಆ ಶೇಕಡಾ ಇನ್ನೂ ಕಡಿಮೆ. ಅರ್ಲಿ ಡಿಸಿಷನ್‌ನಲ್ಲಿ, ಅಂದರೆ ಒಂದೇ ಕಾಲೇಜಿಗೆ ಮುಂಚೆಯೇ ಅರ್ಜಿ ಹಾಕುವ ಸುತ್ತಿನಲ್ಲಿ, ಶೇಕಡಾ ಜಾಸ್ತಿ ಕಾಣುವುದಕ್ಕೂ ಇದು ಒಂದು ಕಾರಣ. ಆಯ್ದ ಕ್ರೀಡಾಪಟುಗಳು ಆ ಸುತ್ತಿನಲ್ಲೇ ಬರುತ್ತಾರೆ. ಅರ್ಲಿ ಡಿಸಿಷನ್‌ನಿಂದ ಸ್ವಲ್ಪ ಲಾಭ ಖಂಡಿತ ಇದೆ. ಆದರೆ ಸಿಕ್ಕರೆ ಹೋಗಲೇಬೇಕು, ಬೇರೆ ಕಡೆಯ ಸ್ಕಾಲರ್‌ಶಿಪ್ ಜೊತೆ ಹೋಲಿಸಿ ನೋಡುವ ಅವಕಾಶ ಹೋಯಿತು.

ವಿಷಯ ಮತ್ತು ರಾಜ್ಯ, ಇವೆರಡನ್ನು ನಮ್ಮವರು ಮರೆಯುವುದು ಜಾಸ್ತಿ. ಇಲಿನಾಯ್ ವಿಶ್ವವಿದ್ಯಾಲಯ ಒಟ್ಟಾರೆ ನೂರಕ್ಕೆ 40ರ ಆಸುಪಾಸು ಮಂದಿಗೆ ಸೀಟು ಕೊಡುತ್ತದೆ. ಅಲ್ಲೇ ಕಂಪ್ಯೂಟರ್ ಸೈನ್ಸ್‌ಗೆ ಅದು ಒಂದಂಕಿಗೆ ಇಳಿಯುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೊರ ರಾಜ್ಯದ ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಸಿಗುವುದು ನೂರಕ್ಕೆ ಎರಡು ಮೂರು ಮಂದಿಗೆ. ಹೆಸರು ನೋಡಿ ‘ಅದು ಸೇಫ್ಟಿ ಬಿಡು’, ಅಂದರೆ ಖಂಡಿತ ಸಿಗುವ ಕಾಲೇಜು, ಅಂದವರನ್ನು ನಾನೇ ನೋಡಿದ್ದೇನೆ. ಟೆಕ್ಸಸ್‌ನಲ್ಲಿರುವ ನಿಮ್ಮ ನೆಂಟರ ಮಗು ಶಾಲೆಯ ಮೇಲಿನ ನೂರಕ್ಕೆ ಐದರಲ್ಲಿದ್ದರೆ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಸೀಟು ಕಾನೂನಿನಿಂದಲೇ ಸಿಗುತ್ತದೆ. ಆದರೆ ಬೇಕಾದ ವಿಷಯ ಸಿಗುತ್ತದೆ ಅಂತ ಆ ಕಾನೂನು ಹೇಳುವುದಿಲ್ಲ.

ಇದನ್ನೆಲ್ಲ ಎಲ್ಲಿ ನೋಡುವುದು ಅಂತ ಕೇಳುತ್ತೀರಿ. ಕಾಲೇಜಿನ ಹೆಸರು ಹಾಕಿ ಪಕ್ಕದಲ್ಲಿ ‘ಕಾಮನ್ ಡೇಟಾ ಸೆಟ್’ ಅಂತ ಹುಡುಕಿ. ಬಹುತೇಕ ಕಾಲೇಜುಗಳು ಪ್ರತಿ ವರ್ಷ ಹಾಕುತ್ತವೆ. ನೋಡಲು ಬರೀ ಕೋಷ್ಟಕ, ಒಂದು ಚಿತ್ರವೂ ಇರುವುದಿಲ್ಲ. ಸಿ ಭಾಗಕ್ಕೆ ಹೋಗಿ. ಎಷ್ಟು ಅರ್ಜಿ, ಎಷ್ಟು ಸೀಟು ಅಂತ ಹುಡುಗ ಹುಡುಗಿ ಬೇರೆ ಬೇರೆಯಾಗಿ ಇರುತ್ತದೆ. ಸಿ7ರಲ್ಲಿ ಗ್ರೇಡ್, ಎಸ್ಸೇ, ಶಿಫಾರಸು ಪತ್ರ, ಯಾವುದಕ್ಕೆ ಎಷ್ಟು ತೂಕ ಅಂತ ಕಾಲೇಜೇ ಗುರುತು ಹಾಕಿರುತ್ತದೆ. ಅಲ್ಲೇ ಕೆಳಗೆ ‘ಅರ್ಜಿದಾರರ ಆಸಕ್ತಿ’ ಅಂತ ಒಂದು ಸಾಲು ಇದೆ. ಟಪಾಲಿಗೂ ಇದಕ್ಕೂ ಸಂಬಂಧ ಇದೆ. ಕೆಲವು ಕಾಲೇಜುಗಳು ಮಗು ಇಮೇಲ್ ತೆರೆದನಾ, ಕೊಂಡಿ ಒತ್ತಿದನಾ, ನೋಡಲು ಬಂದನಾ ಅಂತ ಲೆಕ್ಕ ಇಡುತ್ತವೆ. ಆ ಸಾಲಿನಲ್ಲಿ ‘ಮುಖ್ಯ’ ಅಂತ ಇದ್ದು, ಮಗುವಿಗೂ ಆ ಕಾಲೇಜು ಇಷ್ಟ ಇದ್ದರೆ, ಅವರ ಇಮೇಲ್ ತೆರೆದು ಓದುವುದು ಒಳ್ಳೆಯದು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ‘ಪರಿಗಣಿಸುವುದಿಲ್ಲ’ ಅಂತ ಹಾಕಿವೆ. ಅವರ ಇಮೇಲ್ ನೂರು ಸಲ ತೆರೆದರೂ ಒಂದೇ, ತೆರೆಯದಿದ್ದರೂ ಒಂದೇ.

ಇದಕ್ಕಿಂತ ಹತ್ತಿರದ್ದು ನಿಮ್ಮ ಶಾಲೆಯಲ್ಲೇ ಇದೆ. ಶಾಲೆಗಳು ಕಾಲೇಜು ಅರ್ಜಿಗೆ ಬಳಸುವ ನ್ಯಾವಿಯನ್ಸ್ ಅಥವಾ ಸ್ಕೊಯರ್ ಎಂಬ ವೆಬ್‌ಸೈಟ್‌ನಲ್ಲಿ ಅದೇ ಶಾಲೆಯಿಂದ ಹಿಂದಿನ ವರ್ಷಗಳಲ್ಲಿ ಅದೇ ಕಾಲೇಜಿಗೆ ಹೋದವರು, ಸಿಗದವರು ಚುಕ್ಕೆಗಳಾಗಿ ಕಾಣುತ್ತಾರೆ. ಯಾವ ಚುಕ್ಕೆ ಈಜುಪಟುವಿನದು ಅಂತ ಅದು ಹೇಳುವುದಿಲ್ಲ. ಕೌನ್ಸೆಲರ್ ಹತ್ತಿರ ಹೋಗಿ ಕೇಳಿ. ಅವರಿಗೆ ಗೊತ್ತಿರುತ್ತದೆ. ಹೆಸರು ಹೇಳದೆಯೂ ‘ಆ ಮೂರು ಚುಕ್ಕೆ ಬಿಟ್ಟು ನೋಡಿ’ ಅನ್ನುವ ಕೌನ್ಸೆಲರ್‌ಗಳು ಇದ್ದಾರೆ.

ಒಂದು ಮಾತು ನಮ್ಮ ಕೂಟದಲ್ಲಿ ಪ್ರತಿ ವರ್ಷ ಕೇಳುತ್ತೇನೆ. ನೂರಕ್ಕೆ ಐದು ಸಿಗುವ ಕಾಲೇಜು 20 ಆರಿಸಿ ಅರ್ಜಿ ಹಾಕಿದರೆ ಒಂದಾದರೂ ಸಿಗಲೇಬೇಕು ಅಂತ. ಚೌಕಾಬಾರದ ಕವಡೆ ಆಗಿದ್ದರೆ, 20 ಸಲ ಬಿಟ್ಟಾಗ ಒಂದು ಸಲವಾದರೂ ಬೀಳುವ ಸಾಧ್ಯತೆ ನೂರಕ್ಕೆ 64 ಆಗುತ್ತದೆ. ಕವಡೆಗೆ ಹಿಂದಿನ ಆಟದ ನೆನಪು ಇರುವುದಿಲ್ಲ. ಇಲ್ಲಿ 20 ಕಡೆಗೂ ಹೋಗುವುದು ಅದೇ ಗ್ರೇಡು, ಅದೇ ಟೀಚರ್ ಬರೆದ ಪತ್ರ, ಅದೇ ಎಸ್ಸೇ. ಒಂದು ಕಡೆ ಓದಿದವರಿಗೆ ಕಂಡ ಕೊರತೆ ಉಳಿದ ಕಡೆಯೂ ಕಾಣುತ್ತದೆ. 20 ಅರ್ಜಿ ಹಾಕಿ, ಎಲ್ಲ ಕಡೆ ಇಲ್ಲ ಅನ್ನಿಸಿಕೊಂಡು, ಎಪ್ರಿಲ್‌ನಲ್ಲಿ ಮುಖ ತೋರಿಸದೆ ಕೋಣೆಯಲ್ಲಿ ಕೂತ ಮಗುವನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಆ ಮಗು ಜಾಣ. ತಪ್ಪಿದ್ದು ಪಟ್ಟಿ, ಅದನ್ನು ಮಾಡಿದವರು ನಾವು.

ಪಟ್ಟಿಯನ್ನು ಕೆಳಗಿನಿಂದ ಮಾಡಿ. ಮೊದಲು ಖಂಡಿತ ಸಿಗುವ, ಹಣ ಕಟ್ಟಲು ಆಗುವ, ಮಗು ಖುಷಿಯಿಂದ ಹೋಗುವ ಎರಡು ಕಾಲೇಜು. ಈ ಮೂರೂ ಇರಬೇಕು. ಹಣದ ವಿಷಯಕ್ಕೆ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇದೆ, ನೆರವು ಕಳೆದು ನಮಗೆ ಎಷ್ಟು ಬೀಳುತ್ತದೆ ಅಂತ ಅಂದಾಜು ಹೇಳುತ್ತದೆ. 2011ರಿಂದ ಕಾನೂನೇ ಇದೆ. ಅರ್ಜಿ ಹಾಕುವ ಮೊದಲು ಗಂಡ ಹೆಂಡತಿ ಕೂತು ಅದನ್ನು ತುಂಬಿ, ಬಂದ ಮೊತ್ತವನ್ನು ಮಗುವಿಗೂ ಹೇಳಿ.

ಮಾತು ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಮೇಡಂ, ನಾವಿನ್ನೂ ಎಚ್‌-1ಬಿ ಕೆಲಸದ ವೀಸಾ. ಮಗಳು ನಮ್ಮ ಮೇಲೆ ಅವಲಂಬಿತಳಾಗಿ ಎಚ್‌-4 ವೀಸಾ. ಮೂರನೇ ಕ್ಲಾಸಿನಿಂದ ಇಲ್ಲೇ ಓದಿದಾಳೆ. ನೀವು ಹೇಳಿದ ಲೆಕ್ಕ ನಮಗೂ ಅನ್ವಯ ಆಗುತ್ತಾ?’

ಪೂರ್ತಿ ಆಗುವುದಿಲ್ಲ. ಇದನ್ನು ಹೇಳಲು ನನಗೆ ಸಂಕಟ ಆಗುತ್ತದೆ, ಆದರೆ ಈಗಲೇ ಗೊತ್ತಿರುವುದು ಒಳ್ಳೆಯದು. ಟಪಾಲು ಅವಳಿಗೂ ಅಷ್ಟೇ ಬರುತ್ತದೆ, ಪಟ್ಟಿ ಮಾಡುವವರು ವೀಸಾ ನೋಡಿರುವುದಿಲ್ಲ. ಆದರೆ ಎಚ್‌-4ರಲ್ಲಿದ್ದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಇಲ್ಲ. ನ್ಯಾಷನಲ್ ಮೆರಿಟ್‌ಗೆ ಮಾತ್ರ ಇಲ್ಲಿಯ ಹೈಸ್ಕೂಲಿನಲ್ಲಿ ಓದುವ ಮಕ್ಕಳಿಗೆ ಈಗ ಪೌರತ್ವದ ನಿಯಮ ಇಲ್ಲ. ಅನೇಕ ಖಾಸಗಿ ಕಾಲೇಜುಗಳು ನೆರವು ಕೊಡುವಾಗ ಅವಳನ್ನು ವಿದೇಶಿ ವಿದ್ಯಾರ್ಥಿ ಅಂತಲೇ ಲೆಕ್ಕ ಹಾಕುತ್ತವೆ. ಹಣ ಬೇಕು ಅಂದರೆ ಸೀಟು ಸಿಗುವುದೇ ಕಷ್ಟ ಆಗಬಹುದು. ಹಣದ ಅಗತ್ಯ ನೋಡದೆ ವಿದೇಶಿ ಮಕ್ಕಳಿಗೂ ಸೀಟು ಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್, ಡಾರ್ಟ್‌ಮತ್, ಬೋಡನ್, ಹೀಗೆ. ಅಲ್ಲಿ ಸೀಟೇ ದುರ್ಲಭ. ಇನ್‌ಸ್ಟೇಟ್ ಶುಲ್ಕ, ಅಂದರೆ ಆ ರಾಜ್ಯದವರಿಗಿರುವ ಕಡಿಮೆ ಶುಲ್ಕ, ಎಚ್‌-4ಗೆ ಸಿಗುತ್ತದಾ ಅನ್ನುವುದು ರಾಜ್ಯಕ್ಕೊಂದು ಥರ. ಆಯಾ ವಿಶ್ವವಿದ್ಯಾಲಯದ ಕಚೇರಿಗೇ ಇಮೇಲ್ ಮಾಡಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. 21 ತುಂಬಿದ ಮೇಲೆ ಅವಳು ಎಚ್‌-4ರಲ್ಲಿ ಇರುವಂತಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಪ್ರತಿ ಕಾಲೇಜಿಗೂ ಇದೇ ನಾಲ್ಕು ಸಾಲು ಬರೆಯಿರಿ: ನಮ್ಮ ವೀಸಾ ಇದು, ಮಗು ಇಷ್ಟು ವರ್ಷದಿಂದ ಇಲ್ಲಿದೆ, ಶುಲ್ಕ ಯಾವ ಲೆಕ್ಕದಲ್ಲಿ, ಸ್ಕಾಲರ್‌ಶಿಪ್‌ಗೆ ಅರ್ಹಳಾ. ಹೊಗಳಿ ಪತ್ರ ಬರೆದ ಕಾಲೇಜುಗಳಲ್ಲಿ ಇದಕ್ಕೆ ಯಾರು ನೇರವಾಗಿ ಉತ್ತರ ಕೊಡುತ್ತಾರೋ ಅವರನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಿ.

ಅವರು ಫೋನಿನಲ್ಲಿ ಎಲ್ಲವನ್ನೂ ಬರೆದುಕೊಂಡರು. ಅಷ್ಟರಲ್ಲಿ ಮಕ್ಕಳ ತರಗತಿ ಬಿಟ್ಟಿತು. ಅವರ ಮಗಳು ಬಂದು ಮೇಜಿನ ಮೇಲಿದ್ದ ಪೆಟ್ಟಿಗೆಯಿಂದ ಒಂದು ಪುಸ್ತಕ ಎತ್ತಿ, ‘ಇದು ನಂಗೂ ಬಂದಿದೆ’ ಅಂದಳು. ಅಪ್ಪ ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿಕೊಂಡು, ಫೋನಿನಲ್ಲಿ ಆ ಕಾಲೇಜಿನ ಕಾಮನ್ ಡೇಟಾ ಸೆಟ್ ಹುಡುಕತೊಡಗಿದರು.